ನಾನು ಸರಿಮಾಡಿದ ಫ್ಯಾನು

ಮೇ ೧೭, ಶನಿವಾರ

ಆ ವೈರುಗಳನ್ನು ಯಾಕಾದರೂ ಮುಟ್ಟಿದೆನೋ.

ಮಕ್ಕಳ ಬೇಸಿಗೆ ವಿಜ್ಞಾನ ಶಿಬಿರ ಇವತ್ತು ಮುಗಿಯಿತು. ಅಪ್ಪ ಅಮ್ಮಂದಿರ ಮುಂದೆ ಯಾವುದೂ ಕೈಕೊಡಬಾರದೆಂದು ನಿನ್ನೆ ಸಂಜೆ ಮಕ್ಕಳು ಹೋದ ಮೇಲೆ ಅವರು ಮಾಡಿದ್ದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ಬಡಗಿಯ ಮಗಳ ಪುಟ್ಟ ಫ್ಯಾನು ಉಲ್ಟಾ ತಿರುಗುತ್ತಿತ್ತು, ಗಾಳಿ ಬೀಸುವ ಬದಲು ಒಳಕ್ಕೆಳೆಯುತ್ತಿತ್ತು. ಪಾಪ, ತಪ್ಪು ಮಾಡಿದ್ದಾಳೆ ಎಂದುಕೊಂಡು ಮೋಟಾರಿನ ವೈರು ಅದಲುಬದಲು ಮಾಡಿದೆ. ಹಿಂದೆ ಕಟ್ಟಿದ್ದ ಬಟ್ಟೆಚೀಲ ಅಲಂಕಾರಕ್ಕಿರಬೇಕು ಎಂದುಕೊಂಡೆ! ಹನ್ನೊಂದು ಬೇಸಿಗೆಗಳಿಂದ “ಮೊದಲು ಕೇಳಿ, ಆಮೇಲೆ ಬಿಚ್ಚಿ” ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು.

ಇವತ್ತು ಅವಳು ಪೊಟ್ಟಣ ಬಿಚ್ಚಿ ಫ್ಯಾನಿನ ಮುಂದೆ ಮರದ ಹೊಟ್ಟು ಸುರಿದಳು. “ಅಪ್ಪಾ, ಹತ್ರ ಬಾ. ನೀನು ಗರಗಸ ಎಳೆಯುವಾಗ ಧೂಳನ್ನೆಲ್ಲ ಇದೇ ಎಳ್ಕೊಳ್ಳುತ್ತೆ. ಇನ್ಮೇಲೆ ಕಣ್ಣಿಗೆ ಬೀಳಲ್ಲ.”

ಸ್ವಿಚ್ ಒತ್ತಿದಳು. ಅಷ್ಟೂ ಹೊಟ್ಟು ಅವಳಪ್ಪನ ಕಣ್ಣಿಗೆ.

ಎಲ್ಲರೂ ನಕ್ಕರು. ಕಣ್ಣುಜ್ಜುತ್ತಲೇ ಅವನೂ ನಕ್ಕು, “ಇರಲಿ ಬಿಡು ಪುಟ್ಟಿ” ಎಂದ. ಅವಳು ನಗಲಿಲ್ಲ. ನಾನು ಮೂರೇ ಹೆಜ್ಜೆ ದೂರದಲ್ಲಿದ್ದೆ. ಮುಂದಿನ ಮಗುವಿನ ಹೆಸರು ಕರೆದೆ.

ಫ್ಯಾನನ್ನು ಅವಳು ಅಲ್ಲೇ ಬಿಟ್ಟುಹೋದಳು. ಈಗ ನನ್ನ ಮೇಜಿನ ಮೇಲಿದೆ. ವೈರು ಅವಳು ಹಾಕಿದ್ದಂತೆಯೇ ಹಾಕಿದ್ದೇನೆ. ಕಾಗದದ ಚೂರುಗಳನ್ನು ಒಂದೂ ಬಿಡದೆ ಚೀಲದೊಳಕ್ಕೆ ಎಳೆದುಕೊಳ್ಳುತ್ತಿದೆ.

ಹೊರಡುವ ಮುನ್ನ ಅವಳೇ ನನ್ನ ಹತ್ತಿರ ಬಂದಿದ್ದಳು. “ಸಾರಿ ಮಿಸ್. ನೀವು ಸರಿಯಾಗೇ ಹೇಳ್ಕೊಟ್ಟಿದ್ರಿ, ನಾನೇ ತಪ್ಪು ಮಾಡ್ಬಿಟ್ಟೆ.”

ಪರವಾಗಿಲ್ಲ ಎಂದೆ. ತಲೆ ಸವರಿ, ಅವಳಿಗೆ, ನಾನು, ಪರವಾಗಿಲ್ಲ ಎಂದುಬಿಟ್ಟೆ.