ನಿನ್ನ ಹೆಸರಿನ ಆಶೀರ್ವಾದ

ಲಿವರ್‌ಪೂಲ್, ಸಿಡ್ನಿ
12-9-1993, ಭಾನುವಾರ

ಮೆಲ್ಬರ್ನಿನಲ್ಲಿರುವ ನನ್ನ ಹಿರೀಮಗ ಚಿರಂಜೀವಿ ತ್ರಿವಿಕ್ರಮನಿಗೆ ಅಮ್ಮನ ಆಶೀರ್ವಾದ.

ನನ್ನ ಸೊಂಟ ಈಗ ವಾಸಿ. ಬಿದ್ದಾಗ ನಾಲಿಗೆಗೆ ಮಾತ್ರ ಪೆಟ್ಟಾಗಲಿಲ್ಲವಲ್ಲ ಅಂತ ನಿನ್ನ ತಮ್ಮನ ಹೆಂಡತಿ ಅಹಲ್ಯಾ ಕೊರಗುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಏಳು ವರ್ಷದ ಮೇಲೆ ನೀನು ತಮ್ಮ ಬದರಿಯ ಹೊಸಿಲು ತುಳಿದೆ. ಅಮ್ಮ ಬಿದ್ದಳು ಅಂದ ತಕ್ಷಣ ಊರ್ಮಿಳೆಯನ್ನೂ ಕರಕೊಂಡು ಬಂದೆ. ಆಸ್ಪತ್ರೆಯಲ್ಲಿ ಅವಳು ನನ್ನ ಸಿಕ್ಕುಗಟ್ಟಿದ ತಲೆ ಬಾಚಿದಳು. ಮನೆಯಲ್ಲಿ ನೀನು ತಮ್ಮನ ಪಕ್ಕ ಕೂತು ಹುಳಿಯನ್ನ ಉಂಡೆ. ದೇವರು ಇಷ್ಟಾದರೂ ತೋರಿಸಿದನಲ್ಲ ಅಂತ ಮಲಗಿದಲ್ಲೇ ಕೈ ಮುಗಿದೆ. ಸೊಂಟ ಮುರಿದರೆ ಮಕ್ಕಳು ಒಂದಾಗುತ್ತಾರೆ ಅಂತ ಗೊತ್ತಿದ್ದರೆ ಯಾವಾಗಲೋ ಬೀಳುತ್ತಿದ್ದೆ.

ಆದರೆ ಹೊರಡುವಾಗ ಕಾರಿನ ಹತ್ತಿರ ನೀನು ಬದರಿಗೆ, ಹಳೇದೆಲ್ಲ ಬಿಡೋ, ಕ್ಷಮಿಸಿದ್ದೀನಿ ಅಂದೆ. ಕಿಟಕಿಯಿಂದ ನನಗೆ ಕೇಳಿಸಿತು. ಅವನು ತಲೆ ತಗ್ಗಿಸಿದ. ಅದಕ್ಕೇ ಈ ಕಾಗದ.

ಬದರಿಯ ಮಗಳು ಪ್ರಣತಿಗೆ ಸ್ಕೂಲಿನಲ್ಲಿ ವಾರಕ್ಕೊಮ್ಮೆ ಬೈಬಲ್ ಕಥೆ ಹೇಳುತ್ತಾರೆ. ಮೊನ್ನೆ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ನನಗೆ ಒಪ್ಪಿಸಿದಳು. ಇಸಾಕ ಅಂತ ಮುದುಕ, ಕಣ್ಣು ಹೋಗಿತ್ತು. ದೊಡ್ಡ ಮಗ ಏಸಾವನನ್ನು ಹರಸಬೇಕು ಅಂತಿದ್ದ. ಹೆಂಡತಿ ರೆಬೆಕ್ಕ ಚಿಕ್ಕವನಿಗೆ ಅಣ್ಣನ ಬಟ್ಟೆ ತೊಡಿಸಿ, ನಾನೇ ದೊಡ್ಡವನು ಅನ್ನು ಅಂತ ಒಳಗೆ ಕಳಿಸಿದಳಂತೆ. ಹುರುಳಿಕಾಯಿ ಮುರಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ಯಾರೇ ನಿನಗಿದನ್ನು ಹೇಳಿದ್ದು ಅಂತ ಗದರಿದೆ. ಅಜ್ಜೀ, ಇಟ್ಸ್ ಜಸ್ಟ್ ಎ ಸ್ಟೋರಿ ಅಂದಳು.

ಕಥೆಯಲ್ಲ ಮಗಾ. ನಿಮ್ಮಪ್ಪನಿಗೂ ಕಡೆಗೆ ಕಣ್ಣು ಕಾಣುತ್ತಿರಲಿಲ್ಲ. ಬೇರೆ ಜಾತಿಯ ಊರ್ಮಿಳೆಯನ್ನು ಕಟ್ಟಿಕೊಂಡೆ ಅಂತ ನಿನಗೆ ಬಾಗಿಲು ಹಾಕಿದವರೇ, ಏಳು ವರ್ಷದ ಹಿಂದೆ ಊರಲ್ಲಿ ಸಾಯುವ ದಿನ ತ್ರಿವಿಕ್ರಮ ಬಂದನೇ ಅಂತ ಹತ್ತು ಸಲ ಕೇಳಿದರು. ನೀನಿನ್ನೂ ವಿಮಾನದಲ್ಲಿ. ಅವರಿಗೆ ಜೀವ ಹೋಗಲೊಲ್ಲದು. ನಾನೇ ಬದರಿಗೆ ನಿನ್ನ ಹಳೇ ಸ್ವೆಟರ್ ತೊಡಿಸಿ ಅಣ್ಣನ ಹೆಸರು ಹೇಳೋ ಅಂದೆ. ಒಲ್ಲೆ ಅಂದ. ಅಪ್ಪನನ್ನು ಹೀಗೇ ನರಳಿಸ್ತೀಯೇನೋ ಅಂತ ಬೈದು ತಳ್ಳಿದೆ. ಅವರು ಅವನ ತಲೆ ಮೇಲೆ ಕೈಯಿಟ್ಟು, ನಿನ್ನ ಹೆಸರು ಹಿಡಿದು ಹರಸಿ, ಕಣ್ಣು ಮುಚ್ಚಿದರು.

ನೀನು ಬಂದಿಳಿದಾಗ ಚಿಕ್ಕಪ್ಪ ಗುರುದತ್ತ ಚಾಡಿ ಹೇಳಿದ, ತಮ್ಮ ನಿನ್ನ ಆಶೀರ್ವಾದ ಕದ್ದ ಅಂತ. ಹೌದೇನೋ ಅಂತ ನೀನು ಬದರಿಯನ್ನು ಕೇಳಿದೆ. ಅವನು ನನ್ನ ಮುಖ ನೋಡಿದ. ನಾನು, ಹಾಲು ಉಕ್ಕುತ್ತೆ ಅಂತ ಒಳಗೆ ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ.

ಆ ರೆಬೆಕ್ಕನಾದರೂ, ಶಾಪ ಬಂದರೆ ನನಗಿರಲಿ ಕಂದಾ ಅಂದಳಂತೆ. ನಾನು ಅಷ್ಟೂ ಅನ್ನಲಿಲ್ಲ. ತಾಯಿಯ ಮಾನಕ್ಕೆ ಬದರಿ ಏಳು ವರ್ಷ ಕಳ್ಳ ಅನ್ನಿಸಿಕೊಂಡ. ಕ್ಷಮಿಸುವುದಿದ್ದರೆ ನನ್ನನ್ನು ಕ್ಷಮಿಸು. ಇದನ್ನು ಓದಿ ನೀನು ಮತ್ತೆ ಏಳು ವರ್ಷ ಬರದಿದ್ದರೆ, ಅಷ್ಟರಲ್ಲಿ ನಾನಿರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೀನಿ. ಬದರಿಗೆ ಮಾತ್ರ ಒಂದು ಫೋನು ಮಾಡು.

ನಿಮ್ಮಪ್ಪ ಹರಸಿದ್ದು ಇಷ್ಟು, ಅದು ನಿನ್ನ ಸ್ವತ್ತು: ತ್ರಿವಿಕ್ರಮಾ, ಬೈದು ಕಳಿಸಿದ್ದು ನನ್ನ ತಪ್ಪು. ಉಂಡದ್ದು ಮೈಗೆ ಹತ್ತಲಿ. ಹೋದಲ್ಲಿ ನಿನಗೆ ನೆಲೆ ಸಿಗಲಿ.

ಇತಿ,
ನಿಮ್ಮಂಥ ಇಬ್ಬರನ್ನು ಹೆತ್ತ ಪುಣ್ಯವಂತೆ,
ಅಮ್ಮ ಅಚ್ಚಮ್ಮ

ಮರೆತಿದ್ದೆ ಅಂತ ಬರೆಯಲು ಹೊರಟೆ. ಅದೂ ಸುಳ್ಳು. ಬೇಕಂತಲೇ ಬಿಟ್ಟಿದ್ದೆ. ಅಂಟಿಸಿದ ಕವರು ಹರಿದು ಬರೀತಿದ್ದೀನಿ. ನಿಮ್ಮಪ್ಪ ಇನ್ನೊಂದು ಮಾತು ಅಂದಿದ್ದರು: ಊರ್ಮಿಳೆ ನಮ್ಮ ಸೊಸೆ, ಮನೆ ತುಂಬಿಸಿಕೋ ಅಂತ ನಿಮ್ಮಮ್ಮನಿಗೆ ಹೇಳು. ನಾನು ಬಾಗಿಲಲ್ಲೇ ನಿಂತಿದ್ದೆ. ಒಪ್ಪದಿದ್ದವಳು ನಾನು. ಆ ಒಂದು ಮಾತು ಹೊರಬೀಳಬಾರದು ಅಂತಲೇ ಇಡೀ ಆಶೀರ್ವಾದ ನುಂಗಿದೆ, ಬದರಿಯ ಬಾಯಿಗೂ ಬೀಗ ಹಾಕಿದೆ. ಈ ಕಾಗದ ನೀನು ಓದಿ ಮಡಿಸಿಡಬೇಡ. ಅವಳ ಕೈಗೆ ಕೊಡು.