ಗಾಜಿನ ಹಿಂದಿನ ನೊನ್ನಾ

ಮಾರ್ಚ್ ೪
ಈ ವಾರವೂ ಇಟಾಲಿಯನ್. ನಮ್ಮ ಸ್ಕ್ಯಾನಿಂಗ್ ಮೆಷೀನ್ ಕೊಳ್ಳುವ ಡಾಕ್ಟರುಗಳಿಗೆ ಬೇರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವರ ಜೋಕಿಗೆ ನಗುವುದೂ ನನ್ನ ಕೆಲಸ. ಬಂಡಿ ಚಕ್ರದಷ್ಟು ತಟ್ಟೆ, ನಡುವೆ ಒಂದು ಹಿಡಿ ಪಾಸ್ತಾ, ಮೇಲೆರಡು ಎಲೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಮನೆಗೆ ಬಂದರೆ ಅಮ್ಮ. ಬಾಗಿಲಲ್ಲೇ ಶುರು. "ಕೇಳಿದ್ಯೇನೇ, ಕೆಳಗಿನ ಮನೆಯವರ ಬೆಕ್ಕು ಲಿಫ್ಟಲ್ಲಿ ಸಿಕ್ಕಾಕ್ಕೊಂಡು..." ಬಾಸ್ ಫೋನಿನಲ್ಲಿದ್ದ. "ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?" ಎಂದೆ. ಸುಮ್ಮನಾದಳು.

ಮಾರ್ಚ್ ೧೯
ಅಮ್ಮ ಹಿರಿಯರ ಸಂಘ ಸೇರಿದ್ದಾಳಂತೆ. ಮಧ್ಯಾಹ್ನ ಹೋದರೆ ಬರುವುದು ರಾತ್ರಿಗೇ. ಒಳ್ಳೆಯದೇ ಆಯಿತು, ಮನೆಯಲ್ಲಿ ಶಾಂತಿ. ಅಲ್ಲಿ ಏನು ಮಾಡುತ್ತೀರಿ ಎಂದರೆ "ಏನೋ ಒಂದು" ಎಂದಳು. ಬಳೆಯ ಸಂದಿಯಲ್ಲಿ ಹಿಟ್ಟು ಮೆತ್ತಿತ್ತು. ಕೇಳಬೇಕು ಅಂದುಕೊಂಡೆ... ಅಷ್ಟರಲ್ಲಿ ಮತ್ತೆ ಫೋನ್.

ಏಪ್ರಿಲ್ ೯
ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ.

ಹೊಸ ರೆಸ್ಟೋರೆಂಟ್. ಬಾಸ್, ಆಸ್ಪತ್ರೆಯ ದೊಡ್ಡ ಡಾಕ್ಟರ್, ನಾನು. ಹಾಲಿನ ನಡುವೆ ಗಾಜಿನ ಕೋಣೆ. ಒಳಗೊಬ್ಬಳು ಮುದುಕಿ ಹಿಟ್ಟು ಲಟ್ಟಿಸಿ ಪಾಸ್ತಾ ಕತ್ತರಿಸುವುದು, ಗಿರಾಕಿಗಳು ಅದನ್ನು ನೋಡುತ್ತ ತಿನ್ನುವುದು. ಕಪ್ಪು ಗೌನು, ತಲೆಗೆ ಹೂವಿನ ಸ್ಕಾರ್ಫ್.

"ನಮ್ಮ ನೊನ್ನಾ, ಸರ್," ಎಂದ ವೇಟರ್. "ಇಟಲೀಲಿ ಅಜ್ಜಿಗೆ ಹಾಗಂತಾರೆ. ಸಮುದ್ರದ ಪಕ್ಕದ ಹಳ್ಳಿಯವರು. ನಮ್ಮ ಭಾಷೆ ಒಂದಕ್ಷರ ಬರಲ್ಲ."

ನೊನ್ನಾ ತಲೆ ಎತ್ತಿದಳು. ನಮ್ಮಮ್ಮ!

ಅವಳೂ ನನ್ನನ್ನು ನೋಡಿದಳು. ಲಟ್ಟಣಿಗೆ ನಿಂತಿತು. ಮತ್ತೆ ಉರುಳಿತು.

"ಆ ಕೈ ನೋಡಿ," ಎಂದ ಡಾಕ್ಟರ್. "ರಕ್ತದಲ್ಲೇ ಬಂದಿರಬೇಕು. ನಮ್ಮವರಿಗೆ ಎಷ್ಟು ಕಲಿಸಿದ್ರೂ ಬರಲ್ಲ."

"ನಿಜ ಸರ್," ಎಂದೆ. ನಾನೇ ಎಂದೆ! ಮೆಷೀನಿನ ಆರ್ಡರಿಗೆ ಇನ್ನೂ ಸಹಿ ಬಿದ್ದಿರಲಿಲ್ಲವಲ್ಲ. ಆ ಪಾಸ್ತಾ ಮಾಡಿದ್ದು ನಮ್ಮಮ್ಮ. ಆ ಮಹಾನುಭಾವ ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದ.

ಅಮ್ಮ ಬಂದಾಗ ನಿದ್ದೆ ಬಂದವಳಂತೆ ಮಲಗಿದ್ದೆ.

ಏಪ್ರಿಲ್ ೧೦
ಮಧ್ಯಾಹ್ನ ಆಫೀಸಿಗೆ ಚಕ್ಕರ್ ಹೊಡೆದು ನೇರ ಅಲ್ಲಿಗೇ ಹೋದೆ. ಗಿರಾಕಿಗಳಿಲ್ಲದ ಹೊತ್ತು. ಮ್ಯಾನೇಜರನ ಮೇಲೆ ಹರಿಹಾಯ್ದೆ. "ವಯಸ್ಸಾದ ಹೆಂಗಸಿಗೆ ವೇಷ ಹಾಕಿ ಗಾಜಿನ ಪೆಟ್ಟಿಗೇಲಿ ಕೂರಿಸಿದ್ದೀರಲ್ಲ, ಅವರೇನು ಮೀನಾ? ನಮ್ಮಮ್ಮನ ಬಾಯಿಗೆ ಬೀಗ ಹಾಕೋಕೆ ನೀವ್ಯಾರ್ರೀ?"

"ಮೇಡಂ, ಗಾಜಿನೊಳಗೆ ಮಾತಾಡಬಾರದು, ಅದೊಂದೇ ಕಂಡೀಷನ್ನು. ಮೊದಲೇ ಹೇಳಿದ್ವಿ. ಖುಷಿಯಾಗೇ ಒಪ್ಪಿದ್ರು."

ಖುಷಿಯಂತೆ! ಇನ್ನೂ ಬಯ್ಯುತ್ತಿದ್ದೆ, ಅಡುಗೆಮನೆಯಿಂದ ನಗು ಕೇಳಿಸಿತು. ನಡುವೆ ಅಮ್ಮನ ದನಿ. ಬಾಗಿಲು ತಳ್ಳಿದೆ. ಅಡುಗೆಯವರು, ಪಾತ್ರೆ ತೊಳೆಯುವವಳು, ನಿನ್ನೆಯ ಆ ವೇಟರ್, ಎಲ್ಲ ತಟ್ಟೆ ಹಿಡಿದು ಅಮ್ಮನ ಸುತ್ತ ಕೂತಿದ್ದಾರೆ. ಅಮ್ಮ ಎರಡೂ ಕೈ ಆಡಿಸುತ್ತ ಬೆಕ್ಕಾಗಿದ್ದಾಳೆ, ಲಿಫ್ಟಾಗಿದ್ದಾಳೆ.

"ಆಮೇಲೆ? ಆಮೇಲೆ ಏನಾಯ್ತಮ್ಮಾ?" ಎಂದಳು ಪಾತ್ರೆಯವಳು.

ಅಮ್ಮ ನನ್ನನ್ನು ಕಂಡಳು. ಮಾತು ನಿಂತಿತು. ಎಲ್ಲರ ನಗುವೂ.

"ನಡಿ ಮನೆಗೆ," ಎಂದೆ. "ನಾಚಿಕೆ ಆಗಲ್ವಾ ಅಮ್ಮಾ? ಬಾಯಿಲ್ಲದ ಬೊಂಬೆ ಥರ..."

ಅಮ್ಮ ಸ್ಕಾರ್ಫಿನ ಗಂಟು ಬಿಗಿ ಮಾಡಿಕೊಂಡಳು. ಸಿಟ್ಟೇ ಇಲ್ಲ ಅವಳಿಗೆ.

"ಸುಮ್ನಿರು ಅಂತ ಮನೇಲಿ ನೀನೂ ಹೇಳ್ತಿದ್ದೆ ಕಣೇ. ಇಲ್ಲಿ ಅದಕ್ಕೆ ಸಂಬಳ ಕೊಡ್ತಾರೆ."

ಏಪ್ರಿಲ್ ೧೪
ಆರ್ಡರಿಗೆ ಸಹಿ ಬಿತ್ತು. ಡಾಕ್ಟರಿಗೆ ಶುಕ್ರವಾರ ಅದೇ ಟೇಬಲ್ ಬೇಕಂತೆ, ಹೆಂಡತಿಗೆ ನೊನ್ನಾನ ತೋರಿಸಬೇಕಂತೆ. ಬಾಸ್‌ಗೆ ನೇರ ಹೇಳಿಬಿಟ್ಟೆ, ಆಕೆ ನಮ್ಮಮ್ಮ ಅಂತ. ಗಹಗಹಿಸಿ ನಕ್ಕ. "ಒಳ್ಳೆ ಜೋಕು, ಡಾಕ್ಟರಿಗೂ ಹೇಳಿ." ಮೈಯೆಲ್ಲ ಉರಿಯಿತು.

ರಾತ್ರಿ ಫೋನ್ ಆಫ್ ಮಾಡಿ ಅಮ್ಮನಿಗಾಗಿ ಕಾದೆ. ಬಂದಳು. ಚಪ್ಪಲಿ ಬಿಟ್ಟಳು. ಒಂದು ಮಾತಿಲ್ಲ. ನಾನೇ ಕೇಳಿದೆ, "ಅಮ್ಮಾ, ಆ ಬೆಕ್ಕು ಕೊನೆಗೆ ಏನಾಯ್ತು?"

"ಅಯ್ಯೋ, ಸುಸ್ತಾಗಿದೆ ಕಣೇ. ಅದೆಲ್ಲ ಅಲ್ಲೇ ಹೇಳಿ ಮುಗೀತು." ದೀಪ ಆರಿಸಿ ಮಲಗಿದಳು.

ಹೇಳಿ ಮುಗಿಯಿತಂತೆ! ಪಾತ್ರೆಯವಳಿಗೆ ಗೊತ್ತು. ವೇಟರನಿಗೆ ಗೊತ್ತು. ಆ ಮ್ಯಾನೇಜರನಿಗೂ ಗೊತ್ತಿರುತ್ತದೆ. ಹೆತ್ತ ಮಗಳು ನಾನು, ನನಗೊಬ್ಬಳಿಗೆ...