ಕನ್ನಡಕ ತೆಗೆದು ಹೇಳುವ ಮಾತು

ಮಾರ್ಚ್ 9, ಭಾನುವಾರ

ಪ್ರೀತಿಯ ಬಾಯಿಬಡುಕಿ,

ನೀನು ಗಟ್ಟಿಮುಟ್ಟಾಗಿದ್ದೀಯ ಎಂದು ನಿನ್ನ ಹಿಂದಿನ ಪತ್ರಗಳ ಬೈಗುಳದಿಂದಲೇ ತಿಳಿಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ನೆಪ ಹೂಡುವುದಿಲ್ಲ. ಕಾಗದ ಮುಂದಿಟ್ಟುಕೊಂಡು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಬಸುರಿ ಮಗಳಿಗೆ ಏಳು ತಿಂಗಳು ತುಂಬಿತು ಎಂದು ಬರೆದಿದ್ದೀಯ. ಅವಳನ್ನು ಮಹಡಿ ಹತ್ತಿಳಿಯಲು ಬಿಡಬೇಡ. ನೀನೂ ಹೊತ್ತುಗೊತ್ತಿಲ್ಲದೆ ಅವಳ ತಲೆ ತಿನ್ನಬೇಡ.

ನಮ್ಮ ಯಜಮಾನರು ಮೈಯಲ್ಲಿ ಚೆನ್ನಾಗಿದ್ದಾರೆ. ಮಿದುಳಿಗೇರಿದ ಆ ಜ್ವರ ಹೋಗುವಾಗ ಏನನ್ನು ಹೊತ್ತುಕೊಂಡು ಹೋಯಿತು ಎಂದು ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಹಳೆಯದೆಲ್ಲ ಇದೆ. ನಮ್ಮ ಮದುವೆ, ಕನ್ನಡಕದ ಅಂಗಡಿ, ಕೊನೆಗೆ ನಿನ್ನ ಗಂಟಲು ಕೂಡ ನೆನಪಿದೆ. ಜ್ವರ ಬಂದಲ್ಲಿಂದ ಈಚೆಗೆ ನಡೆದದ್ದು ಮಾತ್ರ ನಿಲ್ಲುವುದಿಲ್ಲ. ಈಗ ಹೇಳಿದ್ದು ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಹೋಗಿರುತ್ತದೆ. ಕೈಗೆ ಮರೆವಿಲ್ಲ, ನೋಡು. ಮೇಜಿನ ಮೇಲೆ ಒಂದು ಗಾಜು, ಒಂದು ಫ್ರೇಮು ಇಟ್ಟರೆ ಸಾಕು, ಅಂಚು ಉಜ್ಜಿ ಉಜ್ಜಿ ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂರಿಸುತ್ತಾರೆ. ಆಮೇಲೆ ಅದನ್ನೇ ಬೆಳಕಿಗೆ ಹಿಡಿದು, ಇದನ್ನು ಮಾಡಿದವನು ಕೆಲಸ ಬಲ್ಲವನು ಎಂದು ಹೊಗಳುತ್ತಾರೆ. ಕೈಯ ನೆನಪು ಬೇರೆ, ಸಂಗತಿಯ ನೆನಪು ಬೇರೆ ಎಂದು ನಾವಿಬ್ಬರೂ ಮನಶ್ಶಾಸ್ತ್ರದ ಪಾಠದಲ್ಲಿ ಮೊದಲ ವರ್ಷದ ಹುಡುಗಿಯರಿಗೆ ಬೋರ್ಡಿನ ಮೇಲೆ ಎರಡು ಡಬ್ಬಿ ಬರೆದು ತೋರಿಸುತ್ತಿದ್ದೆವಲ್ಲ, ಆ ಡಬ್ಬಿಗಳು ಈಗ ನಮ್ಮ ಊಟದ ಮೇಜಿಗೇ ಬಂದು ಕೂತಿವೆ.

ನನ್ನ ಮೈದುನನ ವಿಷಯ ನಿನಗೆ ಗೊತ್ತಿರುವುದೇ. ಅಣ್ಣ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಅಂಗಡಿಗೂ ಆಸ್ಪತ್ರೆಗೂ ಓಡಾಡಿ ಸೊರಗಿದ್ದ ಆ ಚಿಕ್ಕೋನು ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುತ್ತಿದ್ದ ಹಾಗೇ ಎದೆ ಹಿಡಿದುಕೊಂಡು ಕುಸಿದ. ಇವರಿಗೆ ಎಚ್ಚರ ಬಂದಾಗ ಎಲ್ಲ ಮುಗಿದುಹೋಗಿತ್ತು. ಕಣ್ಣು ಬಿಟ್ಟು ಇವರು ಆಡಿದ ಮೊದಲ ಮಾತು, "ಚಿಕ್ಕೋನು ಎಲ್ಲಿ?"

ಡಾಕ್ಟರು ನನ್ನನ್ನು ಹೊರಗೆ ಕರೆದು, ಹೇಳಬೇಡಿ, ಎಲ್ಲೋ ಹೋಗಿದ್ದಾನೆ ಅಂದುಬಿಡಿ ಎಂದರು. ನನಗದು ಹಿಡಿಸಲಿಲ್ಲ. ಚಿಕ್ಕ ಮಗುವಿಗೆ ಹೇಳುವ ಹಾಗೆ ಅವರಿಗೆ ಸುಳ್ಳು ಹೇಳಬೇಕೆ? ತಮ್ಮನಿಗಾಗಿ ಅಳುವ ಹಕ್ಕನ್ನು ಅಣ್ಣನಿಂದ ಕಿತ್ತುಕೊಳ್ಳಲು ನಾನ್ಯಾರು? ಹಾಗಾಗಿ ಕೇಳಿದಾಗೆಲ್ಲ ಹೇಳಿದೆ.

ಹೇಗೆ ಹೇಳುತ್ತಿದ್ದೆ ಅನ್ನುವುದನ್ನೂ ಬರೆಯಬೇಕು. ಕೆಟ್ಟ ಸುದ್ದಿ ಹೇಳುವ ಮೊದಲು ಕೇಳುವವರ ಕನ್ನಡಕ ತೆಗೆಯಬೇಕು, ಅದು ಈ ಮನೆಯ ಕಟ್ಟಳೆ. ಮಾವನವರು ತಮ್ಮ ತಾಯಿ ಹೋದ ಸುದ್ದಿ ಕೇಳಿ ಮುಖ ಕೆಳಗಾಗಿ ಬಿದ್ದು, ಒಡೆದ ಗಾಜು ಹುಬ್ಬಿಗೆ ನಾಟಿತ್ತಂತೆ. ಅಂದಿನಿಂದ ಬಂದದ್ದು. ನಾನು ಇವರ ಪಕ್ಕದಲ್ಲಿ ಕೂತು, ಕನ್ನಡಕವನ್ನು ಮೆಲ್ಲಗೆ ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡು, ಕೈ ಹಿಡಿದು ಹೇಳುತ್ತಿದ್ದೆ. ಪ್ರತಿ ಸಲವೂ ಅವರಿಗೆ ಅದು ಮೊದಲ ಸಲವೇ. ಕರುಳು ಕಿತ್ತು ಬರುವ ಹಾಗೆ ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುದ್ದಿ ಮರೆತುಹೋಗುತ್ತಿತ್ತು, ಸಂಕಟ ಉಳಿಯುತ್ತಿತ್ತು. "ಯಾಕೋ ಮನಸ್ಸು ಭಾರವಾಗಿದೆ ಕಣೇ, ಮೋಡ ಕವಿದಿದೆಯೇನೋ ನೋಡು" ಅನ್ನುತ್ತಿದ್ದರು. ನಾನು ಕಿಟಕಿಗೆ ಹೋಗಿ ನೋಡುತ್ತಿದ್ದೆ. ವಾಪಸು ಬರುವಷ್ಟರಲ್ಲಿ ಮತ್ತೆ ಚಿಕ್ಕೋನು ಬಂದನಾ ಎಂದು ಕೇಳುತ್ತಿದ್ದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವರ ಗಾಜಿನ ಮೇಲೆ ಏನೋ ಕಲೆ ಕಂಡಿತು. ಒರೆಸೋಣವೆಂದು ಕೈ ಚಾಚಿದೆ. ಅವರು ಎರಡೂ ಕೈಯಿಂದ ಕನ್ನಡಕವನ್ನು ಮುಖಕ್ಕೆ ಒತ್ತಿ ಹಿಡಿದರು. ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು. ಏನಾಯಿತೆಂದು ಕೇಳಿದೆ. "ಏನಿಲ್ಲ. ನೀನು ಅಲ್ಲೇ ಇರು" ಅಂದರು. ಆವತ್ತಿನಿಂದ ಗಮನಿಸಿದೆ. ಇವರನ್ನು ನೋಡಿಕೊಳ್ಳಲು ಮನೆಗೆ ಬರುವ ನರ್ಸಮ್ಮ ಮುಖ ತೊಳೆಸಲು ಬಂದರೆ ತಾವೇ ಮೂಗು ಮುಂದೆ ಮಾಡಿ ಕನ್ನಡಕ ತೆಗೆಸಿಕೊಳ್ಳುತ್ತಾರೆ. ಕ್ಷೌರದವನೊಡನೆ ಹರಟುತ್ತಾರೆ. ನಾನು ಹೊಸ್ತಿಲು ದಾಟಿದರೆ ಮಾತ್ರ ಕೈ ಕಿವಿಯ ಹತ್ತಿರ ಹೋಗುತ್ತದೆ.

ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ಪಾಠವನ್ನು ನಾನು ಜೀವಮಾನವೆಲ್ಲ ಮಾಡಿದೆ. ನೀನು ಸೈಕಲ್ಲಿನ ಗಂಟೆ ಕಿತ್ತು ತಂದು ತರಗತಿಯಲ್ಲಿ ಬಾರಿಸಿ, ಪ್ರಿನ್ಸಿಪಾಲರು ಓಡಿ ಬಂದು ರಂಪವಾಗಿತ್ತಲ್ಲ. ಅಷ್ಟೆಲ್ಲ ನಕ್ಕ ನನಗೆ, ನನ್ನ ಮನೆಯಲ್ಲಿ ಆ ಗಂಟೆ ನಾನೇ ಆಗುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಸತ್ತದ್ದು ಯಾರೆಂದು ಅವರಿಗೆ ತಿಳಿಯದು. ನಾನು ಹತ್ತಿರ ಬಂದರೆ ಏನೋ ಘೋರವಾದದ್ದು ಆಗುತ್ತದೆ ಎಂದು ಅವರ ಮೈಗೆ ತಿಳಿದಿದೆ.

ಈಗ ಹೇಳುವುದು ಬಿಟ್ಟಿದ್ದೇನೆ. ಚಿಕ್ಕೋನು ಸಾಮಾನು ತರಲು ಹೋಗಿದ್ದಾನೆ ಎಂದು ನರ್ಸಮ್ಮ ಹೇಳುತ್ತಾಳೆ, ಇವರು ಸೋಮಾರಿ ಎಂದು ಬೈದುಕೊಂಡು ಸುಮ್ಮನಾಗುತ್ತಾರೆ. ಕಲಿತದ್ದನ್ನು ಕಳೆಯುವ ಬಗೆಯೂ ಪುಸ್ತಕದಲ್ಲಿದೆ. ದೂರ ಕೂರು, ಒಳ್ಳೆಯದನ್ನೇ ಆಡು, ದಿನಾ ಒಂದಿಷ್ಟು ಹತ್ತಿರಕ್ಕೆ ಸರಿ. ಪಾಠದಲ್ಲಿ ಅದು ಅರ್ಧ ಪುಟ. ನಾನು ಕಾಫಿ ಇಟ್ಟರೆ, ನಾನು ಹೊರಗೆ ಹೋದ ಮೇಲೆ ಕುಡಿಯುತ್ತಾರೆ. ಹಾಸಿಗೆಯನ್ನು ಮುಂದಿನ ಕೋಣೆಗೆ ಹಾಕಿಕೊಂಡಿದ್ದೇನೆ.

ಇವರು ನನ್ನ ಗುರುತು ಹಿಡಿಯುತ್ತಾರಾ ಎಂದು ಕೇಳಿದ್ದೀಯ. ಹಿಡಿಯದಿದ್ದರೆ ಎಷ್ಟೋ ವಾಸಿಯಿತ್ತು. ಮೊನ್ನೆ ನರ್ಸಮ್ಮನ ಮುಂದೆ, ನನ್ನ ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ನನ್ನಂಥವನನ್ನು ಹೇಗೆ ಒಪ್ಪಿದಳೋ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲೇ ನಿಂತುಬಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು.

ನಿನ್ನ ಮಗಳು ಸುಖವಾಗಿ ಹೆರಲಿ. ಹುಟ್ಟುವ ಕೂಸಿಗೆ ಈ ಅಜ್ಜಿಯ ತುಂಬು ಆಶೀರ್ವಾದ. ದನಿಯೊಂದು ನಿನ್ನದು ಬಾರದಿದ್ದರೆ ಸಾಕು. ಬೇಗ ಬರೆ.

ನಿನ್ನ
ಗುಮ್ಮನಗುಸುಕಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನರ್ಸಮ್ಮ ಈಗ ಬಂದು, ಹೇಳಲೋ ಬೇಡವೋ ಎಂದುಕೊಂಡೇ ಹೇಳಿದಳು. ಇವರು ಅವಳ ಕೈ ಹಿಡಿದು ಕೇಳಿದರಂತೆ: "ಹೆಂಡತಿ ಹತ್ತಿರ ಬಂದ್ರೆ ನಂಗೆ ಹೆದರಿಕೆ ಆಗುತ್ತೆ. ಅವಳು ಅಂಥವಳಲ್ಲ. ನಾನೇ ಅವಳಿಗೆ ಏನೋ ದೊಡ್ಡ ತಪ್ಪು ಮಾಡಿರ್ಬೇಕು. ಅವಳನ್ನ ಹೊಡೀತಿದ್ನಾ?"

ಕಾರಣವಿಲ್ಲದೆ ಹೆದರಿಕೆ ಬಂದರೆ ಮನಸ್ಸು ಕಾರಣ ಕಟ್ಟಿಕೊಳ್ಳುತ್ತದೆ. ಇವರು ಅಪರಾಧವನ್ನು ತಮ್ಮ ತಲೆಗೇ ಕಟ್ಟಿಕೊಂಡಿದ್ದಾರೆ. ನೀವು ಏನೂ ಮಾಡಿಲ್ಲ ಎನ್ನಬೇಕಾದರೆ ಹೆದರಿಕೆ ಎಲ್ಲಿಂದ ಬಂತೆಂದು ಹೇಳಬೇಕು. ಅದನ್ನು ಹೇಳಿದರೆ ಚಿಕ್ಕೋನು ಮತ್ತೆ ಸಾಯಬೇಕು. ಅದಕ್ಕೆ ಬಾಗಿಲಲ್ಲೇ ನಿಂತು, "ನಾನು ಯಾವತ್ತೋ ಕ್ಷಮಿಸಿದೀನಿ ಕಣ್ರೀ" ಅಂದೆ. ಅವರ ಮುಖ ಎಷ್ಟು ಹಗುರವಾಯಿತು ಗೊತ್ತಾ? ಆಮೇಲೆ ಮೆಲ್ಲಗೆ, "ಯಾವುದನ್ನ?" ಅಂದರು.

ಅವರಿಗೆ ಹೇಳಲು ನನಗೊಂದು ತಪ್ಪು ಬೇಕಾಗಿತ್ತು. ನಮ್ಮ ಸಂಸಾರವನ್ನೆಲ್ಲ ನೆನೆದು ನೆನೆದು ಹುಡುಕಿದೆ ಕಣೇ. ಒಂದೂ ಸಿಗಲಿಲ್ಲ.